ಡಿಸ್ಚಾರ್ಜ್ ಚೀಟಿ ಕೈಗೆ ಬಂದ ಮೇಲೆ: ಕಾಲು ಮುರಿದವರು ಮನೆಯಲ್ಲಿ ಚೇತರಿಸಿಕೊಳ್ಳುವುದು ಹೇಗೆ

ಆಪರೇಷನ್ ಆಯಿತು. ರಾಡ್ ಹಾಕಿದರು. ಹೊಲಿಗೆ ಬಿಚ್ಚುವ ದಿನ ಬರೆದುಕೊಟ್ಟು ಮನೆಗೆ ಕಳಿಸಿದರು. ಡಾಕ್ಟರ ಕೈಕೆಲಸ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯುತ್ತದೆ. ಎಲುಬು ಕೂಡುವುದು, ತೊಡೆಗೆ ಬಲ ಬರುವುದು, ಮತ್ತೆ ಬಸ್ ಹತ್ತುವುದು, ಇದೆಲ್ಲ ಆಗುವುದು ಮನೆಯಲ್ಲಿ. ದಿನಕ್ಕೆ ಎಷ್ಟು ಸಲ ಎದ್ದಿರಿ, ಏನು ತಿಂದಿರಿ, ರಾತ್ರಿ ನಿದ್ದೆ ಬಂತೋ ಇಲ್ಲವೋ, ತಲೆಯಲ್ಲಿ ಏನು ಓಡುತ್ತಿತ್ತು ಎನ್ನುವುದರ ಮೇಲೆ.

ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಕಾಳಜಿ ಕಮ್ಮಿಯಾಗಿ ಕೆಟ್ಟವರಿಗಿಂತ ಕಾಳಜಿ ಜಾಸ್ತಿಯಾಗಿ ಕೆಟ್ಟವರನ್ನೇ ನಾನು ಹೆಚ್ಚು ನೋಡಿದ್ದೇನೆ. "ನೀ ಏಳಬ್ಯಾಡಪ, ಅಲ್ಲೇ ಕುಂದ್ರು, ನಾ ತಂದು ಕೊಡ್ತೀನಿ" ಎಂದು ನೀರಿನ ಚೊಂಬು, ಊಟದ ತಾಟು, ಟಿವಿ ರಿಮೋಟು ಎಲ್ಲ ಹಾಸಿಗೆಗೇ ಬರುತ್ತವೆ. ಮೂರು ತಿಂಗಳಾದ ಮೇಲೆ ಎಕ್ಸ್‌ರೇ ನೋಡಿದರೆ ಎಲುಬು ಕೂಡಿರುತ್ತದೆ, ಆದರೆ ಮೊಣಕಾಲು ಮಡಚಲು ಬರುವುದಿಲ್ಲ. ಈ ಲೇಖನ ಅದನ್ನು ತಪ್ಪಿಸುವುದಕ್ಕೆ. ಬೈಕಿನಿಂದ ಬಿದ್ದ ಹುಡುಗನಿಗೂ ಬಚ್ಚಲಲ್ಲಿ ಜಾರಿದ ಅಜ್ಜಿಗೂ ಇದರಲ್ಲಿ ಬಹುಪಾಲು ಒಂದೇ. ವ್ಯತ್ಯಾಸ ಇರುವ ಕಡೆ ನಿಮ್ಮ ಡಾಕ್ಟರ ಮಾತೇ ಕೊನೆ.

ಹೆಜ್ಜೆ 1: ಆಸ್ಪತ್ರೆ ಬಿಡುವ ಮುಂಚೆ ಕೇಳಿಕೊಳ್ಳಿ

ಡಿಸ್ಚಾರ್ಜ್ ದಿನ ಎಲ್ಲರೂ ಬಿಲ್ಲು, ಗಾಡಿ, ಔಷಧದ ಚೀಲದ ಗಡಿಬಿಡಿಯಲ್ಲಿ ಇರುತ್ತಾರೆ. ಆಗಲೇ ಒಬ್ಬರು ನಿಂತು ಕೇಳಬೇಕು. ಈ ಕಾಲಿನ ಮೇಲೆ ಭಾರ ಹಾಕಬಹುದಾ? ಹಾಕಬಹುದಾದರೆ ಪೂರ್ತಿಯಾ, ಅರ್ಧವಾ, ಸುಮ್ನೆ ನೆಲಕ್ಕೆ ತಾಗಿಸುವಷ್ಟಾ? ಯಾವ ಕೀಲು ಆಡಿಸಬೇಕು, ಯಾವುದನ್ನು ಆಡಿಸಬಾರದು? ರಕ್ತ ಹೆಪ್ಪುಗಟ್ಟದ ಔಷಧ ಎಷ್ಟು ದಿನ? ಶುಗರ್, ಬಿಪಿ ಮಾತ್ರೆ ಹಳೇದೇ ಮುಂದುವರಿಸಬೇಕಾ?

ಉತ್ತರವನ್ನು ಚೀಟಿಯ ಹಿಂದೆ ಕನ್ನಡದಲ್ಲಿ ಬರೆದುಕೊಳ್ಳಿ. ಬಳ್ಳಾರಿಯಲ್ಲಿ ಎಲ್ಲರೂ ಇನ್ನೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಮೂರೂ ಕಡೆ ಫಿಸಿಯೋಥೆರಪಿ ಇದೆ. ಮನೆಗೆ ಹೋಗುವ ಮುಂಚೆ ಅಲ್ಲಿನ ಫಿಸಿಯೋ ಹತ್ತಿರ ಒಂದು ಸಲ ವ್ಯಾಯಾಮ ಮಾಡಿಸಿಕೊಂಡು, ಅದನ್ನು ಮನೆಯವರ ಮೊಬೈಲಲ್ಲಿ ವಿಡಿಯೋ ಮಾಡಿಸಿಕೊಳ್ಳಿ. ಊರು ದೂರ ಇದ್ದವರಿಗೆ ಆ ವಿಡಿಯೋನೇ ಆಧಾರ.

ಅರ್ಧ ಭಾರ ಅಂದರೆ ಎಷ್ಟು ಎಂದು ಯಾರಿಗೂ ಅಂದಾಜು ಸಿಗುವುದಿಲ್ಲ. ತೂಕ ನೋಡುವ ಸಣ್ಣ ಮಷಿನ್ ಇದ್ದರೆ ವಾಕರ್ ಹಿಡಿದು ನಿಂತು, ನೋವಿನ ಕಾಲನ್ನು ಅದರ ಮೇಲಿಟ್ಟು ಮೆಲ್ಲಗೆ ಒತ್ತಿ. ಡಾಕ್ಟರು ಹೇಳಿದ ಕಿಲೋ ಬಂದಾಗ ಕಾಲಿಗೆ ಹೇಗನಿಸುತ್ತದೆ ಎಂದು ನೆನಪಿಟ್ಟುಕೊಳ್ಳಿ. ನಾಲ್ಕೈದು ಸಲ ಮಾಡಿದರೆ ಕಾಲಿಗೇ ಅಂದಾಜು ಬರುತ್ತದೆ.

ಹೆಜ್ಜೆ 2: ಮನೆ ತಯಾರು ಮಾಡಿ

ಮತ್ತೊಮ್ಮೆ ಬಿದ್ದರೆ ಮೊದಲಿನಿಂದ ಶುರು. ಹಾಗಾಗಿ ರೋಗಿ ಮನೆಗೆ ಬರುವ ಮುಂಚೆ ಮನೆಯನ್ನು ಒಂದು ಸುತ್ತು ನೋಡಿ.

ನಮ್ಮ ಮನೆಗಳಲ್ಲಿ ಫರಸಿ ನೆಲ ಜಾಸ್ತಿ. ಒಣಗಿದ್ದಾಗ ಪರವಾಗಿಲ್ಲ, ಒದ್ದೆಯಾದರೆ ಜಾರುತ್ತದೆ. ನೆಲ ಒರೆಸಿದ ಮೇಲೆ ಪೂರ್ತಿ ಒಣಗುವ ತನಕ ವಾಕರ್ ಹಿಡಿದು ಓಡಾಡಬಾರದು. ವಾಕರ್ ಕಾಲಿನ ರಬ್ಬರ್ ಬುಷ್ ಸವೆದಿದೆಯಾ ನೋಡಿ, ಮೆಡಿಕಲ್ ಅಂಗಡಿಯಲ್ಲಿ ಬೇರೆಯದು ಸಿಗುತ್ತದೆ. ಕಾಲೊರಸು, ಮಡಚಿದ ಚಾಪೆ, ಅಡ್ಡ ಬಿದ್ದ ಚಾರ್ಜರ್ ವೈರು, ಎಲ್ಲ ತೆಗೆಯಿರಿ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವುದು ಹಾಕಿ.

ಹಳೆ ಮನೆಗಳಲ್ಲಿ ದೊಡ್ಡ ಅಡ್ಡಿ ಹೊಸ್ತಿಲು. ಅದರ ಮುಂದೆ ಪೂರ್ತಿ ನಿಂತುಬಿಡಿ. ವಾಕರಿನ ನಾಲ್ಕೂ ಕಾಲು ಹೊಸ್ತಿಲಿನ ಆ ಕಡೆ ಗಟ್ಟಿಯಾಗಿ ಊರಿದ ಮೇಲೆ ನೋವಿನ ಕಾಲು ದಾಟಿಸಿ, ಕೈಗಳ ಮೇಲೆ ಭಾರ ಕೊಟ್ಟು ಒಳ್ಳೆ ಕಾಲು ತನ್ನಿ. ಎರಡು ಕಾಲು ಈ ಕಡೆ, ಎರಡು ಆ ಕಡೆ ಇಟ್ಟು ದಾಟುವವರೇ ಬೀಳುವುದು. ಮೆಟ್ಟಿಲಿಗೆ ಬೇರೆ ಲೆಕ್ಕ: ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಮೆಟ್ಟಿಲಿಗೆ ವಾಕರ್ ತರಬೇಡಿ. ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಊರುಗೋಲು ಇರಲಿ. ಕಂಕುಳ ಊರುಗೋಲು ಆದರೆ ಭಾರ ಅಂಗೈ ಮೇಲೆ ಬೀಳಬೇಕು. ಕಂಕುಳಿಗೂ ಕೋಲಿಗೂ ನಡುವೆ ಎರಡು ಮೂರು ಬೆರಳು ಜಾಗ ಇರಲಿ. ಅಲ್ಲಿ ನರ ಇದೆ, ಒತ್ತಿದರೆ ಕೈ ಜೋಮು ಹಿಡಿಯುತ್ತದೆ.

ಕುಕ್ಕರಗಾಲಲ್ಲಿ ಕೂರುವ ಪಾಯಖಾನೆ ಇದ್ದರೆ ಕಮೋಡ್ ಕುರ್ಚಿ ತನ್ನಿ, ಕೆಲವು ಕಡೆ ಬಾಡಿಗೆಗೂ ಕೊಡುತ್ತಾರೆ. ನಾಚಿಕೆಪಟ್ಟು ನೀರು ಕುಡಿಯುವುದನ್ನೇ ಕಮ್ಮಿ ಮಾಡುವ ಹೆಂಗಸರು ಬಹಳ. ಕುರ್ಚಿ ಇದ್ದರೆ ಆ ಸಮಸ್ಯೆ ಅರ್ಧ ಹೋಗುತ್ತದೆ.

ಇನ್ನೊಂದು, ಹಾಸಿಗೆಯ ಜಾಗ. ರೋಗಿಯನ್ನು ಒಳಗಿನ ಕತ್ತಲೆ ಕೋಣೆಗೆ ಹಾಕುವುದು ನಮ್ಮ ರೂಢಿ, "ಆರಾಮಾಗಿ ಮಲಗಲಿ" ಎಂದು. ಬೇಡ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದ 46 ಜನರ ದಾಖಲೆಗಳನ್ನು ರೋಜರ್ ಉಲ್ರಿಕ್ ಎನ್ನುವವರು ಜೋಡಿ ಮಾಡಿ ಹೋಲಿಸಿ ನೋಡಿದರು, 1984ರಲ್ಲಿ ಪ್ರಕಟಿಸಿದರು. ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಸರಾಸರಿ ಮುಕ್ಕಾಲು ದಿನ ಬೇಗ ಮನೆಗೆ ಹೋಗಿದ್ದರು, ಜೋರಿನ ನೋವಿನ ಔಷಧವೂ ಅವರಿಗೆ ಕಮ್ಮಿ ಬೇಕಾಗಿತ್ತು. ಸಣ್ಣ ಅಧ್ಯಯನ, ಅದರ ಮೇಲೆ ಮನೆ ಕಟ್ಟಬೇಕಾಗಿಲ್ಲ. ಆದರೆ ಮಂಚವನ್ನು ಪಡಸಾಲೆಯ ಕಿಟಕಿ ಪಕ್ಕಕ್ಕೆ ಎಳೆಯಲು ಖರ್ಚೇನಿದೆ? ಬೇವಿನ ಗಿಡ ಕಾಣುತ್ತದೆ, ಬೀದಿ ಕಾಣುತ್ತದೆ, ಹೋಗೋರು ಬರೋರು ಮಾತಾಡಿಸುತ್ತಾರೆ.

ಹೆಜ್ಜೆ 3: ಮಲಗಿದ್ದು ಸಾಕು, ಏಳಿ

1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಒಂದು ಪ್ರಯೋಗ ನಡೆಯಿತು. 20 ವರ್ಷದ ಐದು ಗಟ್ಟಿಮುಟ್ಟಾದ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿದರು. ರೋಗ ಇಲ್ಲ, ಗಾಯ ಇಲ್ಲ, ಸುಮ್ನೆ ಮಲಗುವುದು. ಮೂರು ವಾರಕ್ಕೆ ಅವರ ದಮ್ಮು ಕುಸಿದಿತ್ತು. 30 ವರ್ಷ ಕಳೆದ ಮೇಲೆ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ ಗೊತ್ತಾಗಿದ್ದು ಇದು: 30 ವರ್ಷ ವಯಸ್ಸಾಗಿದ್ದಕ್ಕಿಂತ ಆ ಮೂರು ವಾರ ಮಲಗಿದ್ದೇ ಅವರ ದಮ್ಮನ್ನು ಜಾಸ್ತಿ ಇಳಿಸಿತ್ತು. ಇಪ್ಪತ್ತರ ಹುಡುಗರಿಗೇ ಹೀಗೆ. ಎಪ್ಪತ್ತರ ಅವ್ವನನ್ನು ತಿಂಗಳುಗಟ್ಟಲೆ ಮಲಗಿಸಿದರೆ?

ಎಲುಬು ಕೂಡುವುದಕ್ಕೆ ಅದರದೇ ವೇಗ ಇದೆ. ಮೊದಲ ವಾರ ಮುರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ಬಾವು ಬರುತ್ತದೆ. ಎರಡು ಮೂರು ವಾರಕ್ಕೆ ಮೆತ್ತನೆಯ ಅಂಟು ಬೆಳೆಯುತ್ತದೆ. ಆರರಿಂದ ಹನ್ನೆರಡು ವಾರದಲ್ಲಿ ಅದು ಗಟ್ಟಿಯಾಗುತ್ತಾ ಬರುತ್ತದೆ. ಮೊಣಕಾಲ ಕೆಳಗಿನ ದೊಡ್ಡ ಎಲುಬಿಗೆ ಮೂರರಿಂದ ಐದು ತಿಂಗಳೂ ಹಿಡಿಯಬಹುದು. ಹೊಸದಾಗಿ ಹಾಕಿದ ಸ್ಲ್ಯಾಬಿನಂತೆ, ಮೇಲೆ ಗಟ್ಟಿ ಕಂಡರೂ ಒಳಗೆ ಕ್ಯೂರಿಂಗ್ ನಡೆಯುತ್ತಲೇ ಇರುತ್ತದೆ. ಅವಸರ ಮಾಡಿ ಹೇಳಿದ್ದಕ್ಕಿಂತ ಜಾಸ್ತಿ ಭಾರ ಹಾಕುವುದು ತಪ್ಪು. ಹಾಗಂತ ಹೇಳಿದಷ್ಟೂ ಹಾಕದೆ ಇರುವುದೂ ತಪ್ಪೇ. ಎಲುಬು ತನ್ನ ಮೇಲೆ ಬೀಳುವ ಭಾರ ನೋಡಿಕೊಂಡೇ ಗಟ್ಟಿಯಾಗುವುದು.

ಬಹುತೇಕ ಎಲ್ಲ ಕಾಲಿನ ಮುರಿತಕ್ಕೂ ಹೇಳಿಕೊಡುವ ಎರಡು ವ್ಯಾಯಾಮ ಇಲ್ಲಿವೆ. ನಿಮ್ಮ ಡಾಕ್ಟರು ಬೇಡ ಅಂದಿರದಿದ್ದರೆ ಮಾಡಿ.

ಮೊದಲನೆಯದು ಪಾದ ಆಡಿಸುವುದು. ಕಾಲು ಚಾಚಿ ಮಲಗಿ. ಪಾದವನ್ನು ನಿಮ್ಮ ಮುಖದ ಕಡೆ ಎಷ್ಟಾಗುತ್ತೋ ಅಷ್ಟು ಎಳೆಯಿರಿ, ಮೀನಖಂಡ ಬಿಗಿಯಬೇಕು. ಆಮೇಲೆ ಗಾಡಿಯ ಬ್ರೇಕ್ ಒತ್ತಿದಂತೆ ಕೆಳಕ್ಕೆ ಒತ್ತಿ. ಇಪ್ಪತ್ತು ಸಲ. ಎಚ್ಚರ ಇದ್ದಾಗ ಗಂಟೆಗೊಮ್ಮೆ. ಇದು ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ, ಹೆಪ್ಪುಗಟ್ಟುವ ಅಪಾಯ ತಗ್ಗಿಸುತ್ತದೆ.

ಎರಡನೆಯದು ತೊಡೆಗೆ. ಟವೆಲ್ಲನ್ನು ಸುರುಳಿ ಸುತ್ತಿ ಮೊಣಕಾಲ ಕೆಳಗೆ ಇಡಿ. ಮೊಣಕಾಲಿನಿಂದ ಆ ಸುರುಳಿಯನ್ನು ಹಾಸಿಗೆಗೆ ಒತ್ತಿ. ತೊಡೆಯ ಮೇಲೆ ಕೈ ಇಟ್ಟರೆ ಸ್ನಾಯು ಕಲ್ಲಿನ ಹಾಗೆ ಗಟ್ಟಿಯಾಗಿದ್ದು ಗೊತ್ತಾಗಬೇಕು. ಐದು ಎಣಿಸಿ ಬಿಡಿ. ಉಸಿರು ಕಟ್ಟಬೇಡಿ, ಎಣಿಕೆಯನ್ನು ಬಾಯಿಬಿಟ್ಟು ಎಣಿಸಿದರೆ ಉಸಿರು ತಾನಾಗೇ ಆಡುತ್ತದೆ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮೊದಲ ದಿನ ಸ್ನಾಯು ಅಲುಗುವುದೇ ಇಲ್ಲ ಅನಿಸುತ್ತದೆ. ಒಳ್ಳೆ ಕಾಲಿನಲ್ಲಿ ಮಾಡಿ ನೋಡಿ, ಆಮೇಲೆ ಇದಕ್ಕೆ ಬನ್ನಿ.

ವ್ಯಾಯಾಮಕ್ಕೆ ಅಂತ ಬೇರೆ ಹೊತ್ತು ಇಟ್ಟುಕೊಂಡರೆ ಅದು ನಡೆಯುವುದಿಲ್ಲ, ಇದು ನನ್ನ ಅಭಿಪ್ರಾಯ. ದಿನಾ ತಪ್ಪದೆ ಆಗುವ ಕೆಲಸಕ್ಕೆ ಅದನ್ನು ಕಟ್ಟಿಬಿಡಿ. ಬೆಳಗಿನ ಚಾ ಬರುವ ಮುಂಚೆ ತೊಡೆಯದು. ಧಾರಾವಾಹಿಯಲ್ಲಿ ಜಾಹೀರಾತು ಬಂದಾಗಲೆಲ್ಲ ಪಾದದ್ದು. ಒಂದು ಗಂಟೆಯ ಧಾರಾವಾಹಿಗೆ ಎಷ್ಟು ಜಾಹೀರಾತು ಬರುತ್ತದೆ ನಿಮಗೇ ಗೊತ್ತು, ಅಲ್ವಾ? ಊಟಕ್ಕೆ ಹಾಸಿಗೆ ಬಿಟ್ಟು ಅಡುಗೆಮನೆ ಬಾಗಿಲ ತನಕ ವಾಕರ್‌ನಲ್ಲಿ ಬರುವುದು. ತಾಟು ಹಾಸಿಗೆಗೆ ಬರಲೇಬಾರದು ಎಂದು ಮನೆಯಲ್ಲಿ ನಿಯಮ ಮಾಡಿ. ಅತ್ತೆಗೆ ಸೊಸೆ ಇದನ್ನು ಹೇಳಿದರೆ ಜಗಳ ಆಗಬಹುದು, ಅದಕ್ಕೆ ಮಗನೇ ಹೇಳಲಿ.

ಎಣ್ಣೆ ಹಚ್ಚಿ ತಿಕ್ಕಿಸುವ ವಿಷಯ. ಆಂಧ್ರದ ಪುತ್ತೂರಿಗೆ ಹೋಗಿ ಕಟ್ಟು ಹಾಕಿಸಿಕೊಂಡು ಬರುವುದು ನಮ್ಮ ಭಾಗದ ಹಳೆ ರೂಢಿ, ಹತ್ತಿರದ ನಾಟಿ ವೈದ್ಯರೂ ಕಟ್ಟುತ್ತಾರೆ. ಆದರೆ ರಾಡ್, ಪ್ಲೇಟ್ ಹಾಕಿಸಿಕೊಂಡ ಮೇಲೆ ಅದರ ಮೇಲೆ ಇನ್ನೊಂದು ಬಿಗಿ ಕಟ್ಟು ಬೇಡ. ಬಿಗಿ ಜಾಸ್ತಿಯಾದರೆ ಒಳಗೆ ಒತ್ತಡ ಏರಿ ಸ್ನಾಯುವಿಗೆ ರಕ್ತ ಹೋಗದೆ ಕಾಲೇ ಕೆಡಬಹುದು. ಬಾತ ಮೀನಖಂಡವನ್ನು ತಿಕ್ಕಿಸುವುದಂತೂ ಬೇಡವೇ ಬೇಡ. ಅಲ್ಲಿ ರಕ್ತದ ಗಡ್ಡೆ ಇದ್ದರೆ ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಬಹುದು.

ಹೆಜ್ಜೆ 4: ತಾಟು ಬದಲಿಸಿ

ಆಸ್ಪತ್ರೆಗೆ ನೋಡಲು ಬರುವವರ ಕೈಚೀಲ ಬಿಚ್ಚಿ ನೋಡಿ. ಬ್ರೆಡ್ಡು, ಬಿಸ್ಕೀಟು, ಎಳನೀರು, ಬಾಳೆಹಣ್ಣು. ಮನೆಗೆ ಬಂದರೆ ಗಂಜಿ, ಅನ್ನ-ಸಾರು. ಇದರಲ್ಲಿ ಎಲುಬು, ಸ್ನಾಯು ಕಟ್ಟುವ ಪ್ರೋಟೀನ್ ಎಲ್ಲಿದೆ?

ಸಾಮಾನ್ಯ ದಿನಗಳಲ್ಲಿ ಒಂದು ಕಿಲೋ ದೇಹತೂಕಕ್ಕೆ ಒಂದು ಗ್ರಾಂಗಿಂತ ಸ್ವಲ್ಪ ಕಮ್ಮಿ ಪ್ರೋಟೀನ್ ನಡೆಯುತ್ತದೆ. ಮುರಿತ, ಆಪರೇಷನ್ ಆದವರಿಗೆ, ಅದರಲ್ಲೂ ವಯಸ್ಸಾದವರಿಗೆ 1.2ರಿಂದ 1.5 ಗ್ರಾಂ ಬೇಕು ಎನ್ನುತ್ತಾರೆ. 60 ಕಿಲೋ ಇದ್ದವರಿಗೆ ದಿನಕ್ಕೆ 72ರಿಂದ 90 ಗ್ರಾಂ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿಯೇ ಹೆಚ್ಚಿಸಬೇಕು.

ಇದಕ್ಕೆ ಡಬ್ಬಿಯ ಪುಡಿ ತರಬೇಕಾಗಿಲ್ಲ. ಲೆಕ್ಕ ಹಾಕೋಣ. 200 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಿಂದ ಸುಮಾರು 20 ಗ್ರಾಂ. ಒಂದು ಬಟ್ಟಲು ಗಟ್ಟಿ ಬೇಳೆಯಿಂದ ಆರೇಳು ಗ್ರಾಂ. ಮೊಳಕೆ ಬರಿಸಿದ ಹೆಸರುಕಾಳು ಅಥವಾ ಮಡಿಕೆಕಾಳಿನ ಪಲ್ಯ, ಒಣಗಿದ ಕಾಳು 40 ಗ್ರಾಂ ಹಾಕಿದ್ದರೆ ಒಂಬತ್ತು ಗ್ರಾಂ. ಒಂದು ಹಿಡಿ ಶೇಂಗಾದಿಂದ ಏಳು. ಎರಡು ಮೊಟ್ಟೆಯಿಂದ ಹನ್ನೆರಡು. ಹಾಲು ಮೊಸರು ಸೇರಿ 400 ಮಿಲಿ ಆದರೆ ಇನ್ನೊಂದು ಹನ್ನೆರಡು. ಅಲ್ಲಿಗೆ 67 ಗ್ರಾಂ ಹತ್ತಿರ ಬಂತು. ಮಧ್ಯಾಹ್ನದ ಅನ್ನಕ್ಕೆ ಸ್ವಲ್ಪ ಸೇರುತ್ತದೆ. ಮೊಟ್ಟೆ ತಿನ್ನದವರು ಪುಟಾಣಿ ಹಿಟ್ಟನ್ನು ಮಜ್ಜಿಗೆಗೆ ಕಲಸಿ ಕುಡಿಯಿರಿ. 50 ಗ್ರಾಂ ಪುಟಾಣಿಯಲ್ಲಿ ಹತ್ತು ಗ್ರಾಂ ಹತ್ತಿರ ಇರುತ್ತದೆ.

ನೋಡಿ, ನಮ್ಮ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರಿನ ಊಟ ಮೊದಲಿನಿಂದಲೂ ಚೇತರಿಕೆಯ ಊಟವೇ. ತುಂಗಭದ್ರಾ ಕಾಲುವೆಯ ಭತ್ತ ಬೆಳೆಯುವ ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಮೂರು ಹೊತ್ತೂ ಅನ್ನ ತಿನ್ನುವ ಮನೆಗಳಲ್ಲಿ ಮಾತ್ರ ಬೇಳೆ-ಕಾಳಿನ ಪಾಲು ಬೇಕಂತಲೇ ಹೆಚ್ಚಿಸಬೇಕು. ಬೆಳಿಗ್ಗೆ ಉಗ್ಗಾಣಿ ಬಿಡಲಾಗದವರು ಬಿಡಬೇಡಿ. ಅದಕ್ಕೆ ಪುಟಾಣಿ ಪುಡಿ, ಶೇಂಗಾ ಧಾರಾಳವಾಗಿ ಹಾಕಿ, ಪಕ್ಕಕ್ಕೆ ಮಿರ್ಚಿ ಬದಲು ಬೇಯಿಸಿದ ಮೊಟ್ಟೆ ಇಟ್ಟುಕೊಳ್ಳಿ. ಮಿರ್ಚಿ ಬೇಕೇ ಬೇಕು ಅಂದರೆ ಒಂದು ತಿನ್ನಿ, ಅದಕ್ಕೂ ಎಲುಬಿಗೂ ಜಗಳ ಇಲ್ಲ.

ಪಥ್ಯದ ಮಾತು ಬಂದೇ ಬರುತ್ತದೆ. "ಮೊಸರು ತಿಂದ್ರ ಕೀವಾಗ್ತದ, ಬದನಿಕಾಯಿ ನಂಜು, ಮೊಟ್ಟಿ ಬ್ಯಾಡ." ಹೊಲಿಗೆ ಜಾಗಕ್ಕೆ ಕೀವು ಬರುವುದು ಸೋಂಕಿನಿಂದ, ಮೊಸರಿನಿಂದ ಅಲ್ಲ. ಯಾವುದಾದರೂ ನಿಮಗೆ ಮೊದಲಿಂದಲೂ ಅಲರ್ಜಿ ಇದ್ದರೆ ಬಿಡಿ. ಇಲ್ಲವಾದರೆ ತಿನ್ನಿ. ಹಿರಿಯರ ಜೊತೆ ವಾದಕ್ಕೆ ಇಳಿದರೆ ಊಟವೇ ಕೆಡುತ್ತದೆ. "ಡಾಕ್ಟರು ತಿನ್ನಾಕ ಹೇಳ್ಯಾರ" ಅಂದರೆ ಸಾಕು, ಡಾಕ್ಟರ ಹತ್ತಿರ ನಿಜವಾಗಲೂ ಹೇಳಿಸಿಕೊಂಡು ಬಂದಿರಿ.

ಕ್ಯಾಲ್ಸಿಯಂಗೆ ಹಾಲು, ಮೊಸರು, ಎಳ್ಳು, ನುಗ್ಗೆಸೊಪ್ಪು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ, ನಮ್ಮ ಕಡೆ ರಾಗಿ ರೂಢಿ ಕಮ್ಮಿ ಆದರೂ ಅಂಬಲಿ ಮಾಡಿ ಕುಡಿಯಬಹುದು. ವಿಟಮಿನ್ ಡಿ ಬಗ್ಗೆ ಒಂದು ಎಚ್ಚರಿಕೆ. 60,000 ಯೂನಿಟ್‌ನ ಪುಡಿ ಅಥವಾ ಮಾತ್ರೆಯನ್ನು ಸಾಮಾನ್ಯವಾಗಿ ಬರೆಯುವುದು ವಾರಕ್ಕೊಂದು. ಅದನ್ನು ದಿನಾ ತೆಗೆದುಕೊಳ್ಳುವವರು ಇದ್ದಾರೆ. ಅಪಾಯ, ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಬೇಡಿ, ಒಂದು ಬೆಳಿಗ್ಗೆ, ಒಂದು ರಾತ್ರಿ. ಚಾ ಕುಡಿಯುವುದು ಊಟವಾಗಿ ಒಂದು ಗಂಟೆ ಬಿಟ್ಟು.

ಮಲಬದ್ಧತೆ ಎಲ್ಲರಿಗೂ ಆಗುತ್ತದೆ, ಯಾರೂ ಹೇಳುವುದಿಲ್ಲ. ನೋವಿನ ಮಾತ್ರೆ, ಕಬ್ಬಿಣ, ಕ್ಯಾಲ್ಸಿಯಂ, ಮಲಗಿರುವುದು ಎಲ್ಲ ಸೇರಿ ಹೊಟ್ಟೆ ಕಟ್ಟುತ್ತದೆ. ಪುಂಡಿಪಲ್ಯ, ಮೆಂತ್ಯೆಸೊಪ್ಪು, ಹಸಿ ಸೌತೆಕಾಯಿ, ಪೇರಲಹಣ್ಣು, ನೀರು.

ಹೆಜ್ಜೆ 5: ಬೀಡಿ, ಗುಟ್ಕಾ, ಶುಗರ್

ಇದರಲ್ಲಿ ಹೇಳುವುದು ಸ್ವಲ್ಪವೇ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಸೇದುವವರ ಎಲುಬು ನಿಧಾನ ಕೂಡುತ್ತದೆ, ಕೆಲವರಿಗೆ ಕೂಡುವುದೇ ಇಲ್ಲ, ಗಾಯ ಸೋಂಕಾಗುವುದೂ ಜಾಸ್ತಿ. ಎಲೆಅಡಿಕೆ ಜೊತೆ ಹಾಕುವ ತಂಬಾಕು, ಗುಟ್ಕಾದಲ್ಲೂ ಅದೇ ನಿಕೋಟಿನ್ ಇದೆ. ಜೀವನಪೂರ್ತಿ ಬಿಡಲಾಗದು ಎನ್ನುವವರು ಎಲುಬು ಕೂಡುವ ತನಕವಾದರೂ ಬಿಡಿ, ಆಮೇಲಿನದು ಆಮೇಲೆ. ಗೆಳೆಯರು ನೋಡಲು ಬಂದಾಗ ಪ್ಯಾಕೆಟ್ ತರದಂತೆ ಮನೆಯವರು ಬಾಗಿಲಲ್ಲೇ ನೋಡಿಕೊಳ್ಳಬೇಕು. ಶುಗರ್ ಇದ್ದವರು ಈ ತಿಂಗಳುಗಳಲ್ಲಿ ರಕ್ತ ಪರೀಕ್ಷೆ ತಪ್ಪಿಸಬಾರದು. ಶುಗರ್ ಏರಿದ್ದರೆ ಹೊಲಿಗೆ ಬೇಗ ಮಾಯುವುದಿಲ್ಲ.

ಹೆಜ್ಜೆ 6: ಬೇಸಿಗೆಯಲ್ಲಿ ನಿದ್ದೆ, ನೀರು

ಫೆಬ್ರವರಿ ಕಳೆದರೆ ನಮ್ಮ ಕಡೆ ಬಿಸಿಲು ಶುರು. ಏಪ್ರಿಲ್, ಮೇನಲ್ಲಿ ಬಳ್ಳಾರಿ, ರಾಯಚೂರು 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಆ ಹೊತ್ತಿನಲ್ಲಿ ಕಾಲಿಗೆ ಪ್ಲಾಸ್ಟರ್ ಇದ್ದರೆ ಒಳಗೆ ನವೆ ತಡೆಯಲಾಗದು. ಪೊರಕೆ ಕಡ್ಡಿ, ಸ್ಕೇಲು, ಹೆಣಿಗೆ ಸೂಜಿ ತೂರಿಸಿ ಕೆರೆಯಬೇಡಿ. ಒಳಗೆ ಗೀರಾದರೆ ಕಾಣುವುದಿಲ್ಲ, ಹುಣ್ಣಾಗುತ್ತದೆ. ಟೇಬಲ್ ಫ್ಯಾನಿನ ಗಾಳಿ ಪ್ಲಾಸ್ಟರಿನ ಬಾಯಿಗೆ ಬೀಳುವಂತೆ ಇಡಿ. ಹೊರಗಿನಿಂದ ಬೆರಳಲ್ಲಿ ತಟ್ಟಿ.

ನೀರು ಕಮ್ಮಿ ಕುಡಿದು ನೋವಿನ ಮಾತ್ರೆ ಜಾಸ್ತಿ ನುಂಗುವುದು ಕಿಡ್ನಿಗೆ ಹೊಡೆತ. ಮೆಡಿಕಲ್ ಅಂಗಡಿಯಲ್ಲಿ ಹೆಸರು ಹೇಳಿ ತರುವ ನೋವಿನ ಮಾತ್ರೆಗಳಲ್ಲಿ ಹಲವು ಹೀಗೆ ಕಿಡ್ನಿಗೆ ಹೊಡೆತ ಕೊಡುವ ಜಾತಿಯವೇ. ಡಾಕ್ಟರು ಬರೆದದ್ದನ್ನು, ಬರೆದಷ್ಟು ದಿನ ಮಾತ್ರ. ಬರೆದದ್ದನ್ನು ತೆಗೆದುಕೊಳ್ಳದೆ ಹಲ್ಲು ಕಚ್ಚಿಕೊಂಡು ಇರುವುದೂ ಜಾಣತನ ಅಲ್ಲ. ವ್ಯಾಯಾಮಕ್ಕೆ ಮುಕ್ಕಾಲು ಗಂಟೆ ಮುಂಚೆ ಮಾತ್ರೆ ತೆಗೆದುಕೊಂಡರೆ ಕಾಲು ಚೆನ್ನಾಗಿ ಆಡುತ್ತದೆ.

ನಡಿಗೆ ಬೆಳಿಗ್ಗೆ ಏಳರೊಳಗೆ, ಇಲ್ಲವೇ ಸಂಜೆ ಆರೂವರೆ ಮೇಲೆ. ಬೇಸಿಗೆ ರಾತ್ರಿ ಮಾಳಿಗೆ ಮೇಲೆ ಮಲಗುವ ಆಸೆ ಎಲ್ಲರಿಗೂ. ಕತ್ತಲೆಯಲ್ಲಿ, ನಿದ್ದೆಗಣ್ಣಲ್ಲಿ, ಮೂತ್ರಕ್ಕೆ ಮೆಟ್ಟಿಲಿಳಿಯಬೇಕಾಗುತ್ತದೆ ಎನ್ನುವುದನ್ನು ನೆನಪಿಟ್ಟುಕೊಂಡು ಈ ವರ್ಷ ಅಂಗಳದಲ್ಲೇ ಹೊರಸು ಹಾಕಿಕೊಳ್ಳಿ. ದೇಹ ತನ್ನ ರಿಪೇರಿಯ ದೊಡ್ಡ ಪಾಲನ್ನು ಗಾಢ ನಿದ್ದೆಯಲ್ಲೇ ಮಾಡುವುದು, ಬೆಳವಣಿಗೆಯ ಹಾರ್ಮೋನು ಹೆಚ್ಚು ಸುರಿಯುವುದು ಆಗಲೇ. ಮಧ್ಯಾಹ್ನ ಮೂರು ತಾಸು ಮಲಗಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಅರ್ಧ ಗಂಟೆ ಸಾಕು. ರಾತ್ರಿ ಮೊಬೈಲು ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿ.

ಹೆಜ್ಜೆ 7: ತಲೆಯೊಳಗಿನ ಕೆಲಸ

"ಮನಸ್ಸು ಗಟ್ಟಿ ಮಾಡ್ಕೋ" ಅನ್ನುವುದು ಸುಲಭ. ಹೇಗೆ ಎಂದು ಯಾರೂ ಹೇಳುವುದಿಲ್ಲ. ಖುಷಿಯಾಗಿರು, ಒಳ್ಳೇದನ್ನೇ ಯೋಚಿಸು ಎನ್ನುವುದರಲ್ಲಿ ನನಗೆ ಅಷ್ಟು ನಂಬಿಕೆ ಇಲ್ಲ. ಕಾಲು ಮುರಿದು ದುಡಿಮೆ ನಿಂತವನಿಗೆ ಖುಷಿ ಎಲ್ಲಿಂದ ಬರಬೇಕು? ಮನಸ್ಸಿಗೆ ಕೊಡಬೇಕಾದದ್ದು ಸಣ್ಣ ಸಣ್ಣ ಕೆಲಸ.

ಮೊದಲ ಕೆಲಸ, ನೋವನ್ನು ಅಳೆಯುವುದು. ಒಮ್ಮೆ ಬಿದ್ದವರಿಗೆ ಪ್ರತಿ ನೋವೂ "ಮತ್ತೆ ಮುರೀತಾ?" ಅನಿಸುತ್ತದೆ. ಆ ಹೆದರಿಕೆಗೆ ಕಾಲನ್ನು ಅಲುಗಿಸದೆ ಬಿಡುತ್ತಾರೆ, ಕೀಲು ಇನ್ನೂ ಬಿಗಿಯುತ್ತದೆ, ಮುಂದಿನ ಸಲ ಇನ್ನೂ ನೋಯುತ್ತದೆ. ಫಿಸಿಯೋಗಳು ಸೊನ್ನೆಯಿಂದ ಹತ್ತರಲ್ಲಿ ನೋವು ಎಷ್ಟು ಎಂದು ಕೇಳುತ್ತಾರೆ. ಹಿರಿಯರಿಗೆ ಅದು ತಲೆಗೆ ಹೋಗದಿದ್ದರೆ ಹಳೆ ಆಣೆ ಲೆಕ್ಕದಲ್ಲಿ ಕೇಳಿ, ರೂಪಾಯಿಗೆ ಹದಿನಾರು ಆಣೆ. ವ್ಯಾಯಾಮ ಮಾಡುವಾಗ ರೂಪಾಯಿಗೆ ನಾಲ್ಕಾರು ಆಣೆ ನೋವು, ಎರಡು ತಾಸಿನಲ್ಲಿ ಇಳಿಯಿತು, ಮರುದಿನ ಬೆಳಿಗ್ಗೆ ಮಾಮೂಲು ಅಂದರೆ ಸರಿಯಾಗಿಯೇ ನಡೆಯುತ್ತಿದೆ. ಹನ್ನೆರಡಾಣೆಗೆ ಏರಿತು, ರಾತ್ರಿಯೆಲ್ಲ ಇತ್ತು ಅಂದರೆ ಮರುದಿನ ಅರ್ಧ ಮಾಡಿ. ನಿಲ್ಲಿಸಬೇಡಿ.

ಎರಡನೆಯದು, ಬರೆಯುವುದು. ಗೋಡೆಯ ಕ್ಯಾಲೆಂಡರಿಗೆ ದಾರ ಕಟ್ಟಿ ಪೆನ್ಸಿಲ್ ತೂಗುಹಾಕಿ. ಆ ದಿನದ ಚೌಕದಲ್ಲಿ ಎರಡೇ ವಿಷಯ: ಎಷ್ಟು ದೂರ ನಡೆದೆ, ಮೊಣಕಾಲು ಎಷ್ಟು ಮಡಚಿತು. ದೂರವನ್ನು ಮೀಟರಲ್ಲಿ ಬರೆಯಬೇಕಾಗಿಲ್ಲ. "ಬಚ್ಚಲು", "ತುಳಸಿಕಟ್ಟೆ", "ಕಿರಾಣಿ ಅಂಗಡಿ" ಎಂದರೆ ಸಾಕು. ಮಡಚುವುದನ್ನು ನೋಡಲು ಕುರ್ಚಿಯಲ್ಲಿ ಕೂತು ಹಿಮ್ಮಡಿಯನ್ನು ಹಿಂದಕ್ಕೆ ಜಾರಿಸಿ, ಎಷ್ಟನೇ ಫರಸಿ ಗೆರೆ ಮುಟ್ಟಿತು ನೋಡಿ. ದಿನದಿಂದ ದಿನಕ್ಕೆ ಏನೂ ಬದಲಾಗಿಲ್ಲ ಅನಿಸುವ ವಾರಗಳು ಬರುತ್ತವೆ, ಹಿಂದಿನ ಪುಟ ತಿರುವಿ ನೋಡಲಿಕ್ಕೆ ಆಗ ಅದು ಬೇಕು.

ಮೂರನೆಯದು, ಗುರಿ. ಕೊಪ್ಪಳದ ಕಡೆಯವರು ಗವಿಮಠದ ಜಾತ್ರೆಗೆ ತೇರು ನೋಡಬೇಕು ಎನ್ನುತ್ತಾರೆ, ಬಳ್ಳಾರಿಯವರು ದುರ್ಗಮ್ಮನ ಗುಡಿಗೆ ನಡೆದು ಬರುತ್ತೇನೆ ಎಂದು ಹರಕೆ ಹೊರುತ್ತಾರೆ. ಒಳ್ಳೇದೇ. ಆಸೆ ಇಲ್ಲದ ವ್ಯಾಯಾಮ ನಾಲ್ಕು ದಿನ ನಡೆದೀತು. ಆದರೆ ಹರಕೆಯನ್ನು ತುಂಡು ಮಾಡಿ: ಈ ವಾರ ಅಂಗಳ, ಮುಂದಿನ ವಾರ ಬೀದಿ ತಿರುವು, ತಿಂಗಳ ಕೊನೆಗೆ ಆಟೋ ಹತ್ತಿ ಇಳಿಯುವುದು. ಜಾತ್ರೆಗೆ ತೇರಿನ ದಿನದ ನೂಕುನುಗ್ಗಲಲ್ಲಿ ಊರುಗೋಲು ಹಿಡಿದು ಹೋಗಬೇಡಿ, ಬೇರೆ ದಿನ ಬೆಳಿಗ್ಗೆ ಹೋಗಿ. ಅಂಜನಾದ್ರಿ ಬೆಟ್ಟ ಹತ್ತುತ್ತೇನೆ ಎಂದು ಹರಕೆ ಹೊತ್ತವರು ದೇವರಿಗೆ ಗಡುವು ಹೇಳಬೇಡಿ. ಐನೂರಕ್ಕೂ ಜಾಸ್ತಿ ಮೆಟ್ಟಿಲು, ಇಳಿಯುವಾಗ ಮೊಣಕಾಲಿಗೆ ಹತ್ತುವುದಕ್ಕಿಂತ ಕಷ್ಟ. ಹನುಮಪ್ಪ ಕಾಯುತ್ತಾನೆ.

ನಾಲ್ಕನೆಯದು, ನೋಡಲು ಬರುವವರನ್ನು ಸಂಭಾಳಿಸುವುದು. "ನಮ್ಮ ಕಾಕಾಗೂ ಹಿಂಗ ಆಗಿತ್ತು, ಕಡೀತನಕ ಕುಂಟಿದ ನೋಡು" ಎಂದು ಹಾಸಿಗೆ ಪಕ್ಕ ಕೂತು ಹೇಳುವವರು ಪ್ರತಿ ಊರಲ್ಲೂ ಇದ್ದಾರೆ. ಕೆಟ್ಟವರಲ್ಲ, ಮಾತಿಗೆ ಬೇರೆ ವಿಷಯ ಇಲ್ಲ ಅಷ್ಟೇ. ಅವರಿಗೊಂದು ಕೆಲಸ ಕೊಡಿ. "ಅಣ್ಣಾ, ಒಂದ್ ಸುತ್ತು ನನ್ ಜೋಡಿ ಅಂಗಳದಾಗ ಬಾ" ಎಂದು ಎದ್ದು ನಿಲ್ಲಿ. ಮಾತಿನ ದಾರಿ ಬದಲಾಗುತ್ತದೆ, ಒಂದು ನಡಿಗೆಯೂ ಆಯಿತು.

ಇನ್ನು, ನೋಡಿಕೊಳ್ಳುವವರು. ಅಮೆರಿಕದ ಓಹಾಯೋದಲ್ಲಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಜೊತೆಗಾರರು 1995ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಮರೆವಿನ ಕಾಯಿಲೆಯ ಸಂಬಂಧಿಕರನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರು, ಅಂಥ ಹೊರೆ ಇಲ್ಲದ 13 ಹೆಂಗಸರು. ಎಲ್ಲರ ತೋಳಿನಲ್ಲೂ ಒಂದೇ ಅಳತೆಯ ಸಣ್ಣ ಗಾಯ ಮಾಡಿ, ಮಾಯಲು ಎಷ್ಟು ದಿನ ಬೇಕು ನೋಡಿದರು. ಹೊರೆ ಇದ್ದವರಿಗೆ ಸರಾಸರಿ ಒಂಬತ್ತು ದಿನ ಜಾಸ್ತಿ ಹಿಡಿಯಿತು. ಚಿಂತೆ ಚರ್ಮದ ತನಕ ಇಳಿಯುತ್ತದೆ. ಇದು ರೋಗಿಗೂ ಹೌದು, ರಾತ್ರಿ ಎದ್ದೆದ್ದು ನೋಡುವ ಹೆಂಡತಿಗೂ ಸೊಸೆಗೂ ಹೌದು. ವಾರಕ್ಕೆ ಒಂದು ದಿನ ಅವರ ಬದಲಿಗೆ ಬೇರೆಯವರು ಮಲಗಲಿ. ಅಕ್ಕ, ತಂಗಿ, ಅಳಿಯ, ಯಾರಾದರೂ. ಗಂಡಸರಿಗೂ ಈ ಕೆಲಸ ಬರುತ್ತದೆ, ಕಲಿತರೆ.

ಎರಡು ವಾರ ದಾಟಿದರೂ ಊಟ ಬೇಡ, ಯಾರ ಮುಖವೂ ಬೇಡ, ಬದುಕಿ ಏನು ಎನ್ನುವ ಮಾತು ಬರುತ್ತಿದ್ದರೆ ಅದು ಸೋಮಾರಿತನ ಅಲ್ಲ, ಖಿನ್ನತೆ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಲ್ಲಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಯಾವಾಗ ಕಾಯಬಾರದು

ಮುಂದಿನ ತಾರೀಖಿಗೆ ತೋರಿಸೋಣ ಎಂದು ಇವನ್ನು ಮುಂದೂಡಬೇಡಿ: ಕಾಲ್ಬೆರಳು ನೀಲಿಗಟ್ಟುವುದು, ತಣ್ಣಗಾಗುವುದು, ಜೋಮು, ಮಾತ್ರೆಗೂ ಬಗ್ಗದೆ ಏರುತ್ತಲೇ ಇರುವ ನೋವು, ಹೊಲಿಗೆ ಜಾಗ ಕೆಂಪಾಗಿ ಬಿಸಿಯಾಗಿ ನೀರೋ ಕೀವೋ ಒಸರುವುದು, ಜ್ವರ, ಒಂದೇ ಮೀನಖಂಡ ಇದ್ದಕ್ಕಿದ್ದಂತೆ ಬಾತು ನೋಯುವುದು. ದಿಢೀರನೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108. ಸಂಜೆ ಹೊತ್ತಿಗೆ ಪಾದ ಬಾತು, ಕಾಲು ಮೇಲಿಟ್ಟು ಮಲಗಿದರೆ ಬೆಳಿಗ್ಗೆಗೆ ಇಳಿಯುವುದು ತಿಂಗಳುಗಟ್ಟಲೆ ಇರುತ್ತದೆ, ಅದಕ್ಕೆ ಗಾಬರಿ ಬೇಡ.

ಹೆಜ್ಜೆ 8: ಕೆಲಸಕ್ಕೆ ಮರಳುವುದು

ಕೂತು ಮಾಡುವ ಕೆಲಸಕ್ಕೆ ಬೇಗ ಹೋಗಬಹುದು. ಜೀನ್ಸ್ ಹೊಲಿಯುವವರು ಪೆಡಲ್ ಯಾವ ಕಾಲಲ್ಲಿ ಒತ್ತುತ್ತೀರಿ ಎಂದು ಡಾಕ್ಟರಿಗೆ ಹೇಳಿ. ಇನ್ನೊಂದು ಕಾಲಲ್ಲಿ ಒತ್ತುವುದನ್ನು ಮನೆಯಲ್ಲೇ ರೂಢಿ ಮಾಡಿಕೊಂಡರೆ ಹೋದ ದಿನ ತೊಂದರೆ ಇಲ್ಲ. ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ರೈಸ್ ಮಿಲ್ಲಿನಲ್ಲಿ ಮೂಟೆ ಹೊರುವವರಿಗೆ, ಗಾರೆ ಕೆಲಸದವರಿಗೆ ಎಕ್ಸ್‌ರೇ ನೋಡಿ ಡಾಕ್ಟರು ಹೂಂ ಅನ್ನುವ ತನಕ ಆಗದು. ಮಾಲೀಕರ ಹತ್ತಿರ ಒಂದೆರಡು ತಿಂಗಳು ಲೆಕ್ಕ ಬರೆಯುವುದು, ತೂಕ ನೋಡುವುದು ಇಂಥ ಹಗುರ ಕೆಲಸ ಕೇಳಿ ನೋಡಿ.

ಹೊಲಕ್ಕೆ ಹೋಗುವವರು ಮೊದಲು ಒಣಗಿದ ದಾರಿಯಲ್ಲಿ ಹೋಗಿ ಬನ್ನಿ. ಎರೆ ಹೊಲ ಮಳೆ ಬಿದ್ದ ಮೇಲೆ ಕಾಲು ಕಚ್ಚಿಕೊಳ್ಳುತ್ತದೆ. ಎಳೆದಾಗ ಮೊಣಕಾಲು ತಿರುಚುತ್ತದೆ. ಬದುವಿನ ಮೇಲೆ ಕೋಲು ಹಿಡಿದು ಒಬ್ಬರ ಜೊತೆ ನಡೆಯಿರಿ. ಒಂದೇ ಕೋಲು ಆದರೆ ಅದು ಒಳ್ಳೆ ಕಾಲಿನ ಕಡೆಯ ಕೈಯಲ್ಲಿ ಇರಬೇಕು. ಬಹಳ ಜನ ನೋವಿನ ಕಡೆಗೇ ಹಿಡಿಯುತ್ತಾರೆ.

ಬೈಕು ಕೊನೆಗೆ. ಡಾಕ್ಟರು ಸರಿ ಅಂದ ಮೇಲೂ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ಎಂಜಿನ್ ಬಂದ್ ಇಟ್ಟು ಕೂರಿ. ನೋವಿದ್ದ ಕಾಲೊಂದನ್ನೇ ನೆಲಕ್ಕೆ ಕೊಟ್ಟು ಗಾಡಿಯ ಭಾರ ತಡೆಯಲು ಆಗುತ್ತದಾ? ಬಲಗಾಲಿನ ಬ್ರೇಕನ್ನು ತಟ್ಟನೆ, ಜೋರಾಗಿ ಒತ್ತಲು ಆಗುತ್ತದಾ? ಎರಡಕ್ಕೂ ಹೌದು ಅಂದರೆ ಖಾಲಿ ಮೈದಾನದಲ್ಲಿ ಒಂದು ಸುತ್ತು ಹೊಡೆಯಿರಿ, ಹೆಲ್ಮೆಟ್ ಹಾಕಿಕೊಂಡು. ಒಂದಕ್ಕಾದರೂ ಇಲ್ಲ ಅಂದರೆ ಇನ್ನೂ ಎರಡು ವಾರ ಬಸ್ಸು.